ಅಕ್ಷರ ಅಳಿಸಿದವಳು

ಆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಬ್ರಷ್ ಅಕ್ಕ. ಅಡುಗೆಮನೆಯ ಕಿಟಕಿಯ ಕೆಳಗೊಂದು ಮೇಜು, ಅದರ ಮೇಲೆ ಉಗುರುಬೆಚ್ಚಗಿನ ನೀರಿನ ಬಟ್ಟಲು, ನಾಲ್ಕು ಹಲ್ಲು ಮುರಿದ ಬಾಚಣಿಗೆ, ಹಳೇ ಬನಿಯನ್ನಿನ ತುಂಡುಗಳು: ಇಷ್ಟೇ ಅವಳ ಕಾರ್ಖಾನೆ. ಯಾರದೋ ಅಜ್ಜ, ಯಾರದೋ ಮಾವ ಬಿಟ್ಟುಹೋದ ಶೇವಿಂಗ್ ಬ್ರಷ್ಷುಗಳು ಅಲ್ಲಿಗೆ ಬರುತ್ತಿದ್ದವು. ಕುಚ್ಚನ್ನು ಒದ್ದೆ ಮಾಡಿ ಮೂಗಿಗೆ ಹಿಡಿದರೆ ಸಾಕು, ಹಂದಿಯ ಕೂದಲೋ ಕುದುರೆಯದೋ ಹೇಳಿಬಿಡುವಳು. ಹಿಡಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸುವಳು. ಕರ್ಪೂರದ ವಾಸನೆ ಬಂದರೆ ಅದು ದಂತವಲ್ಲ, ದಂತದ ವೇಷ ಹಾಕಿದ ಹಳೇ ಪ್ಲಾಸ್ಟಿಕ್.

"ನಮ್ಮ ಸೊಸೆ ಕೈ ಬೆಣ್ಣೆ, ಮನಸ್ಸು ಮೆಣಸಿನಕಾಯಿ" ಎಂದು ಅತ್ತೆ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಆರು ವರ್ಷಗಳಿಂದ ಆ ಮನಸ್ಸು ಒಬ್ಬನೇ ಒಬ್ಬ ಮನುಷ್ಯನನ್ನು ನುಣ್ಣಗೆ ಅರೆಯುತ್ತಲೇ ಇತ್ತು.

ಅವನು ಹಳೆಯ ಸಾಮಾನಿನ ಅಂಗಡಿಯ ಯಜಮಾನ. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಒಂಬತ್ತು ವರ್ಷ ಬ್ರಷ್ಷುಗಳಿಗೆ ಮರುಜನ್ಮ ಕೊಟ್ಟಿದ್ದಳು. ಒಂದು ದಿನ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ತಮ್ಮ ತಂದೆಯ ಬ್ರಷ್ ತಂದರು. ಮೂಳೆಯ ಹಿಡಿ, ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಕೊರೆದು ಕೆಂಪು ತುಂಬಿದ ಮೂರು ಅಕ್ಷರ, ತಂದೆಯ ಹೆಸರು. ಅವಳು ಚೀಟಿಯ ಮೇಲೆ "ಹಿಡಿಗೆ ಪಾಲಿಶ್ ಬೇಡ" ಎಂದು ಬರೆದು ಬ್ರಷ್ಷಿಗೆ ಕಟ್ಟಿ, ಕೂಸಿಗೆ ಹಾಲುಣಿಸಲು ಮನೆಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಹಿಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಕ್ಷರ ಇರಲಿಲ್ಲ. ಚೀಟಿಯೂ ಇರಲಿಲ್ಲ. ಯಜಮಾನನಿಗೆ ಪಾಲಿಶ್ ಚಕ್ರದ ಹುಚ್ಚು. ಮಂಕಾದದ್ದು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಸಂಜೆ ಹೆಡ್‌ಮಿಸ್ಟ್ರೆಸ್ ಬಂದಾಗ ಅವನು ಅವಳತ್ತ ಬೆರಳು ತೋರಿಸಿದ. "ಏನ್ಮಾಡೋದು ಮೇಡಂ, ಹೆಣ್ಮಗಳು, ಮನೇಲಿ ಕೂಸು, ಗಮನ ಎಲ್ಲೋ ಇರುತ್ತೆ. ಇವತ್ತೇ ಕೆಲಸ ಬಿಡಿಸ್ತೀನಿ."

"ನಮ್ಮಪ್ಪನ್ನೇ ಅಳಿಸಿಬಿಟ್ಟೆಯಲ್ಲಮ್ಮ" ಎಂದರು ಅವರು. ಅವಳು ಬಾಯಿ ತೆರೆಯುವಷ್ಟರಲ್ಲಿ ಬೆನ್ನು ತಿರುಗಿಸಿ ಹೊರಟೇಹೋದರು. ಹೋದವರು ಸುಮ್ಮನಿರಲಿಲ್ಲ, ಊರೆಲ್ಲ ಹೇಳಿದರು. ಅವಳಿಗೆ ಬ್ರಷ್ ಕಳಿಸುತ್ತಿದ್ದ ಮೂರು ಸಲೂನುಗಳೂ ನಿಲ್ಲಿಸಿದವು. ಬ್ರಷ್ ಅಕ್ಕ ಎನ್ನುತ್ತಿದ್ದವರೇ ಬೆನ್ನ ಹಿಂದೆ "ಅಕ್ಷರ ಅಳಿಸಿದವಳು" ಎನ್ನತೊಡಗಿದರು.

ಗಂಡ "ಹಳೇದು, ಬಿಟ್ಟುಬಿಡು" ಎಂದಾಗ ಅವಳಿಗಿಂತ ಮೊದಲು ಅತ್ತೆಯೇ ಮೈಮೇಲೆ ಬಿದ್ದರು. "ಬಿಡೋಕೆ ಅದೇನು ಚಪ್ಪಲಿನಾ, ಬಾಗಿಲ ಹೊರಗೆ ಬಿಟ್ಟು ಬರೋಕೆ? ನೀನು ಸುಮ್ನೆ ಊಟ ಮಾಡು."

ಹೀಗಿರುವಾಗ, ಒಂದು ಗುರುವಾರ ಬೆಳಿಗ್ಗೆ ಅದೇ ಹೆಡ್‌ಮಿಸ್ಟ್ರೆಸ್ ಅವಳ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅದೇ ಬ್ರಷ್, ಕುಚ್ಚು ಒಂದು ಕಡೆ, ಹಿಡಿ ಒಂದು ಕಡೆ. ಅಂಟು ಬಿಟ್ಟಿತ್ತು. ಯಜಮಾನ ಕುಚ್ಚು ಎಸೆದು ಹೊಸ ಕೂದಲು ಹಾಕುತ್ತೇನೆ ಎಂದನಂತೆ. ತಂದೆಯ ಗಲ್ಲ ಮುಟ್ಟಿದ ಕೂದಲನ್ನು ಎಸೆಯಲು ಅವರಿಗೆ ಮನಸ್ಸಿಲ್ಲ.

"ಬೇರೆ ಗತಿ ಇಲ್ಲದೆ ಬಂದಿದ್ದೀನಿ" ಎಂದರು, ಒಳಗೂ ಬಾರದೆ. "ಕುಚ್ಚು ಮಾತ್ರ ಕೂರಿಸು. ಹಿಡಿಗೆ ಕೈ ಹಚ್ಚಬೇಡ."

ಅವಳು ಹಿಡಿಯನ್ನು ತೆಗೆದುಕೊಂಡಳು. ಬೆಳಕಿಗೆ ಓರೆಯಾಗಿ ಹಿಡಿದು, ಬಾಯಿ ತೆರೆದು ಹಾ ಎಂದು ಉಸಿರು ಬಿಟ್ಟಳು. ಹಿಡಿಯ ಮೇಲೆ ಮಂಜು ಕವಿಯಿತು, ಮಂಜಿನೊಳಗೆ ಮೂರು ಅಕ್ಷರ ತೇಲಿ ಬಂದವು, ಹಾಗೆಯೇ ಆರಿಹೋದವು. ಚಕ್ರ ಮೇಲಿನ ಬಣ್ಣವನ್ನು ತಿಂದಿತ್ತು. ಕೊರೆದ ಗಾಯದ ತಳ ಉಳಿದಿತ್ತು.

ಹೆಡ್‌ಮಿಸ್ಟ್ರೆಸ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆದರೂ ಸೋಲಲಿಲ್ಲ. "ಅಳಿಸಿದವಳು ನೀನೇ ಅಲ್ವಾ, ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತೆ."

ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ಹಿಡಿಯನ್ನು ನೆಲಕ್ಕೆ ಅಪ್ಪಳಿಸಿಬಿಡಲೇ ಎಂದೂ ಅನ್ನಿಸಿತು. ಬದಲಿಗೆ ಮೆಲ್ಲಗೆ ಕೇಳಿದಳು, "ಮೇಡಂ, ಮಕ್ಕಳು ಸುಳ್ಳು ಹೇಳಿದ್ರೆ ನೀವು ಹೇಗೆ ಹಿಡೀತಿದ್ರಿ?"

"ಸುಮ್ನೆ ಇರ್ತಿದ್ದೆ. ಅವರೇ ಮಾತಾಡ್ತಿದ್ರು."

"ಭಾನುವಾರ ಹತ್ತೂವರೆಗೆ ಯಜಮಾನ್ರ ಅಂಗಡಿಗೆ ಬನ್ನಿ. ಅಲ್ಲಿರೋ ಆಳೆತ್ತರದ ಗಡಿಯಾರದ ಹಿಂದೆ ಸುಮ್ನೆ ಇರಿ."

ಭಾನುವಾರ ಅಂಗಡಿಯಲ್ಲಿ ಜನ ಕಿಕ್ಕಿರಿದಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಕುಚ್ಚನ್ನು ಮನೆಯಲ್ಲೇ ಬಿಟ್ಟು ಬರೀ ಹಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಯಜಮಾನ ಅವಳನ್ನು ನೋಡಿದವನೇ, "ಓಹೋ, ಯಾರು ಬಂದ್ರು! ಇನ್ನೂ ಯಾರ ಹೆಸರು ಅಳಿಸೋದು ಬಾಕಿ ಇದೆ?" ಎಂದ. ನಾಲ್ಕೈದು ಜನ ನಕ್ಕರು.

ಅವಳೂ ನಕ್ಕಳು. ಹಿಡಿಯನ್ನು ಗಲ್ಲಾಮೇಜಿನ ಗಾಜಿನ ಮೇಲೆ ಇಟ್ಟಳು. "ಅಳಿಸಿದ್ದು ನಾನೇ ಅಂದ್ಮೇಲೆ ಹೊಳಪೂ ನಂದೇ ತಾನೆ ಯಜಮಾನ್ರೇ. ಇದನ್ನ ತೋರಿಸಿ ಬೇರೆ ಅಂಗಡೀಲಿ ಕೆಲಸ ಕೇಳೋಣ ಅಂತ ಹೊರಟೆ, ದಾರೀಲಿ ನಿಮಗೊಂದ್ಸಲ ತೋರಿಸೋಣ ಅನ್ನಿಸ್ತು." ಪಕ್ಕದ ಗಿರಾಕಿಯತ್ತ ತಿರುಗಿದಳು. "ನೋಡಿ ಸ್ವಾಮಿ, ಮುಖ ಕಾಣುತ್ತೆ. ನಾನು ಬಿಟ್ಮೇಲೆ ಈ ಅಂಗಡೀಲಿ ಇಂಥ ಹೊಳಪು ಬಂದಿದ್ಯಾ, ಕೇಳಿ."

ಗಿರಾಕಿ ಹಿಡಿಯನ್ನು ಎತ್ತಿ ತಿರುಗಿಸಿದ. "ನಿಜಕ್ಕೂ ಕೈಚಳಕ ಕಣಮ್ಮ. ಯಜಮಾನ್ರೇ, ಇಂಥವರನ್ನ ಕಳ್ಕೊಂಡ್ರಲ್ಲ."

ಯಜಮಾನನ ನಗು ಅರ್ಧಕ್ಕೆ ನಿಂತಿತು. "ಏನು ಕೈಚಳಕ? ಬನಿಯನ್ ಬಟ್ಟೇಲಿ ಉಜ್ಜೋಳು ಇವಳು."

"ಬಟ್ಟೇಲೇ ಬರಿಸಿದ್ದು" ಎಂದಳು ಅವಳು. "ಚಕ್ರ ಹಿಡಿಯೋರ ಕೈಲಿ ಇದು ಆಗಲ್ಲ ಬಿಡಿ. ಅಂಚು ಹೊತ್ತಿಸಿಬಿಡ್ತಾರೆ."

"ಯಾರೇ ಹೊತ್ತಿಸೋದು?" ಅವನು ಹಿಡಿಯನ್ನು ಗಿರಾಕಿಯ ಕೈಯಿಂದ ಕಿತ್ತುಕೊಂಡ. "ಈ ಅಂಚು ನೋಡಿ ಸ್ವಾಮಿ, ಎಲ್ಲಾದ್ರೂ ಕಪ್ಪಾಗಿದ್ಯಾ? ಮೂರು ಸಲ ಮೇಣ ಬದಲಾಯಿಸಿ, ಚಕ್ರ ನಿಧಾನಕ್ಕೆ ಬಿಟ್ಟು, ನಾನೇ ನಿಂತು ತೆಗೆದ ಹೊಳಪು ಇದು. ಇವಳು ಆವಾಗ ಮನೇಲಿ ಕೂಸಿಗೆ ಹಾಲು ಕುಡಿಸ್ತಿದ್ಲು!"

ಮಾತು ಮುಗಿದ ಮೇಲೆ ಅವನಿಗೆ ತಾನಾಡಿದ್ದು ಕೇಳಿಸಿತು.

"ಇನ್ನೊಂದ್ಸಲ ಹೇಳಿ" ಎಂದಳು ಅವಳು. "ಹಿಂದಿರೋರಿಗೆ ಸರಿಯಾಗಿ ಕೇಳ್ಸಿಲ್ಲ."

ಗಡಿಯಾರದ ಹಿಂದಿನಿಂದ ಹೆಡ್‌ಮಿಸ್ಟ್ರೆಸ್ ಹೊರಬಂದರು. ಯಜಮಾನ ಕೈ ಒರೆಸಿಕೊಂಡ, ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. "ಮೇಡಂ, ಅದು... ಹಳೇ ವಿಷಯ..." ನಕ್ಕಿದ್ದ ಜನರಲ್ಲಿ ಒಬ್ಬ, ರಿಪೇರಿಗೆಂದು ತಂದಿದ್ದ ದೀಪವನ್ನು ಗಾಜಿನ ಮೇಲಿಂದ ಮೆಲ್ಲಗೆ ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಅದನ್ನು ನೋಡಿ ಇನ್ನೊಬ್ಬಾಕೆ ತನ್ನ ಬೆಳ್ಳಿ ಚೌಕಟ್ಟು ವಾಪಸು ಕೇಳಿದಳು. ಯಜಮಾನನ ಕುತ್ತಿಗೆಯವರೆಗೂ ಕೆಂಪೇರುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಕಂಡದ್ದರಲ್ಲಿ ಒಂದು ಚೂರನ್ನೂ ಬಿಡದೆ ಮನೆಗೆ ಹೋಗಿ ಅತ್ತೆಗೆ ಬಡಿಸಬೇಕಿತ್ತು.

ಹೊರಗೆ ಬೀದಿಯಲ್ಲಿ ಹೆಡ್‌ಮಿಸ್ಟ್ರೆಸ್ ಅವಳ ಕೈ ಹಿಡಿದುಕೊಂಡರು. "ತಪ್ಪಾಯ್ತಮ್ಮ. ದೊಡ್ಡ ತಪ್ಪಾಯ್ತು."

ಇಷ್ಟಕ್ಕೆ ಹೊಟ್ಟೆ ತಣ್ಣಗಾಗುತ್ತದೆಂದು ಅವಳು ಆರು ವರ್ಷ ನಂಬಿದ್ದಳು. ಆಗಲಿಲ್ಲ. ಅವನು ಸುಳ್ಳು ಹೇಳಿದ್ದು ಒಂದೇ ಒಂದು ಸಂಜೆ. ಅದನ್ನು ಮನೆಮನೆಗೆ ಹೊತ್ತವರು ಇವರು.

"ಆವತ್ತು ನನ್ನನ್ನ ಒಂದು ಮಾತು ಕೇಳಿದ್ರಾ ಮೇಡಂ?"

ಅವರು ತಲೆ ತಗ್ಗಿಸಿದರು. "ಕುಚ್ಚು ಯಾವಾಗ ಕೂರಿಸಿ ಕೊಡ್ತೀಯ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಕುಚ್ಚು ನನ್ನ ಮೇಜಿನ ಮೇಲೆ ಒಣಗ್ತಾ ಇದೆ, ಏನೂ ಆಗಲ್ಲ. ನೀವು ಯಾರ್ಯಾರಿಗೆ ನನ್ನ ಬಗ್ಗೆ ಹೇಳಿದ್ರೋ ಅವರವರ ಬಾಗಿಲಿಗೆ ಹೋಗಿ, ಇವತ್ತು ಕೇಳಿದ್ದನ್ನ ಹೇಳಿ ಬನ್ನಿ. ಕೊನೇ ಮನೆ ಮುಗಿದ ದಿನ ಬ್ರಷ್ ನಿಮ್ಮ ಕೈಲಿರುತ್ತೆ."

"ಎಲ್ಲರಿಗೂನಾ?"

"ಎಲ್ಲರಿಗೂ."

ಅವರು ಛತ್ರಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಸಲೂನಿನವರಿಗೂ ಹೇಳಬೇಕಾ?"

"ಅವರಿಗೇ ಮೊದಲು" ಎಂದಳು ಅವಳು. "ಭಾನುವಾರ, ಅಲ್ಲಿ ತುಂಬ ಜನ ಇರ್ತಾರೆ. ಈಗಲೇ ಹೊರಡಿ."