ಹಡಗಿಗೆ ಸರದಿ ಕಲಿಸಿದ ರಂಗೇಶ

ರಂಗೇಶ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ರಜೆಗೆಂದು ಮಧುಗಿರಿಗೆ ಬಂದಿದ್ದ. ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗಿದೆ ಎಂದ, ಆಸ್ಪತ್ರೆ ತಲುಪುವ ಹೊತ್ತಿಗೆ ಇರಲಿಲ್ಲ. ನಲವತ್ತಾರು ವರ್ಷ. ಹೈಸ್ಕೂಲಿನಿಂದ ನನ್ನ ಗೆಳೆಯ. ಅವನ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಅವನ ಕೆಲಸ. ಅದನ್ನೇ ಬರೆಯುತ್ತೇನೆ.

ಅವನು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ನಮ್ಮ ಕಡೆ ಇದು ಯಾರಿಗೂ ಬೇಗ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಶಿರಾ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಕೇಳಿದರು: "ನೀರಿನ್ ಮ್ಯಾಲೆ ನಿಂಗೇನಪ್ಪ ಕೆಲ್ಸ? ಬಲ್ಬ್ ಹಾಕೋದಾ?"

"ಬಲ್ಬೂ ಹಾಕ್ತೀನಿ, ಹಡಗೂ ಓಡುಸ್ತೀನಿ," ಎಂದ ರಂಗೇಶ. "ನಮ್ ಹಡಗಲ್ಲಿ ಡೀಸೆಲ್ ಇಂಜಿನ್ನು ಬರೀ ಕರೆಂಟ್ ಮಾಡ್ತೈತೆ. ನೀರೊಳ್ಗಿನ ರೆಕ್ಕೆ ತಿರುಗ್ಸೋದು ಮೋಟಾರು. ನಿಮ್ ತೋಟದ ಬೋರ್‌ವೆಲ್ ಮೋಟಾರ್ ಇದ್ದಂಗೆ ಕಣಣ್ಣ. ಅದು ನೀರ್ನ ಮ್ಯಾಕೆ ಎತ್ತುತೈತೆ, ಇದು ಹಿಂದಕ್ಕೆ ತಳ್ತೈತೆ."

ಆ ಹೋಲಿಕೆ ತಮಾಷೆಗೆ ಹೇಳಿದ್ದಲ್ಲ. ಕರೆಂಟಿನ ವಿಷಯದಲ್ಲಿ ಅವನಿಗೆ ಬಂದ ಮೊದಲ ಬುದ್ಧಿ ತೋಟದಲ್ಲೇ ಬಂದದ್ದು.

ಡಿಪ್ಲೊಮಾ ಮುಗಿಸಿ ಮಧುಗಿರಿಯಲ್ಲಿ ಸುಟ್ಟ ಮೋಟಾರುಗಳಿಗೆ ಕಾಯಿಲ್ ಸುತ್ತುವ ಅಂಗಡಿ ಇಟ್ಟಿದ್ದ ಕಾಲ. ಕೊರಟಗೆರೆ ದಾರಿಯಲ್ಲಿದ್ದ ಅವರ ಹಳ್ಳಿಯಲ್ಲಿ ಒಂದೇ ಟ್ರಾನ್ಸ್‌ಫಾರ್ಮರಿಗೆ ಹದಿನಾಲ್ಕು ತೋಟದ ಮೋಟಾರುಗಳು. ಅಷ್ಟಕ್ಕೂ ಆಟೋ ಸ್ಟಾರ್ಟರ್ ಹಾಕಿಕೊಟ್ಟ. ತ್ರೀ ಫೇಸ್ ಬಂದ ಕೂಡಲೇ ಮೋಟಾರು ತಾನೇ ಹೊರಡುತ್ತದೆ, ಕಾಯುತ್ತ ಕೂರುವ ಕೆಲಸವಿಲ್ಲ. ಮಾರನೆಯ ದಿನ ಹತ್ತು ಗಂಟೆಗೆ ಕರೆಂಟ್ ಬಂತು. ಹದಿನಾಲ್ಕೂ ಒಟ್ಟಿಗೆ ಹೊರಟವು. ಮೋಟಾರು ಓಡುವಾಗ ಎಳೆಯುವುದಕ್ಕಿಂತ ಹೊರಡುವಾಗ ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹೊಗೆ ಬಿಟ್ಟು ನಿಂತಿತು. ಬೇರೆಯದು ಬರಲು ಹದಿನೇಳು ದಿನ ಹಿಡಿಯಿತು.

ಅಪ್ಪ ಚಿಕ್ಕನರಸಯ್ಯನವರು ಬೈಯಲಿಲ್ಲ. "ನಿನ್ ಬುದ್ಧಿ ಚೆನ್ನಾಗೈತೆ ಕಣ್ಲಾ. ಎಲ್ರುಗೂ ಒಂದೇ ಬಾಗ್ಲಲ್ಲಿ ಒಟ್ಗೆ ನುಗ್ಗೋದ್ ಕಲ್ಸ್‌ಬುಟ್ಟೆ," ಎಂದರು. ಮಗನ ಜೊತೆ ತೋಟ ತೋಟಕ್ಕೂ ಹೋಗಿ ಆ ಪೆಟ್ಟಿಗೆಗಳನ್ನು ಬಿಚ್ಚಿಸಿದರು. ಮತ್ತೆ ಹಳೆಯ ಪದ್ಧತಿ ಬಂತು: ಕಂಬದ ಹತ್ತಿರದ ತೋಟದವನು ಮೊದಲು, ಆಮೇಲಿನವನು ಪಕ್ಕದವನ ಪೈಪಿನಲ್ಲಿ ನೀರು ಬಿದ್ದದ್ದು ಕಂಡ ಮೇಲೆ ತನ್ನ ಸ್ಟಾರ್ಟರ್ ಮುಟ್ಟಬೇಕು.

ಮುಂದೆ ರಂಗೇಶ ಮಂಗಳೂರಿಗೆ ಹೋಗಿ ಹಡಗಿನ ಕೆಲಸಕ್ಕೆ ಬೇಕಾದ ತರಬೇತಿ ಪಡೆದ. ಕೊನೆಯ ಆರು ವರ್ಷ ಅವನಿದ್ದದ್ದು ಮುಂಬೈ ಕಡಲಿನ ತೈಲಬಾವಿಗಳಿಗೆ ಸಾಮಾನು ಸಾಗಿಸುವ ಹಡಗಿನಲ್ಲಿ. ಅದರ ಚೀಫ್ ಇಂಜಿನಿಯರ್ ಪ್ರಸನ್ನ ಕುಮಾರ್ ತುಮಕೂರಿನವರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರು ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಮುಂದಿನದನ್ನು ಹೇಳಿದ್ದು ಅವರೇ.

ಆ ಹಡಗಿನಲ್ಲಿ ನಾಲ್ಕು ಜನರೇಟರುಗಳು. ತೈಲಬಾವಿಯ ಪಕ್ಕ ನಿಂತಾಗ ನಾಲ್ಕೂ ಓಡಲೇಬೇಕು. ಅಲ್ಲಿ ಕರೆಂಟ್ ಕೈಕೊಟ್ಟರೆ ಹಡಗು ಬಾವಿಯ ಮೇಲಿನ ಉಕ್ಕಿನ ಅಟ್ಟಕ್ಕೆ ಬಡಿಯುತ್ತದೆ. ಆದರೆ ತೆರೆದ ಕಡಲಿನಲ್ಲಿ, ಎರಡು ಸಾಕಾಗುವ ಕಡೆಯೂ, ಭಯಕ್ಕೆ ಮೂರು ಓಡಿಸುತ್ತಿದ್ದರು. ಮೂರಕ್ಕೂ ಅರೆಹೊಟ್ಟೆಯ ಕೆಲಸ. ಹಾಗೆ ಓಡುವ ಇಂಜಿನ್ ಮಾಡುವ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಕುಡಿಯುತ್ತದೆ, ಒಳಗೆ ಮಸಿ ಕಟ್ಟುತ್ತದೆ.

"ಎರಡ್ರಲ್ಲಿ ಹೋಗಾಣ ಸಾರ್," ಎಂದು ರಂಗೇಶ ಮೂರು ತಿಂಗಳ ಲೆಕ್ಕ ಮುಂದಿಟ್ಟ.

"ಕರೆಂಟ್ ಹೋಗಿ ಹಡಗೇ ಕತ್ತಲಾದ್ರೆ?" ಎಂದರು ಪ್ರಸನ್ನ ಕುಮಾರ್.

"ಜನರೇಟರ್ ಸಾಲ್ದೆ ಕತ್ತಲಾಗಲ್ಲ ಸಾರ್. ಎಲ್ಲಾ ಒಟ್ಗೆ ಸ್ವಿಚ್ ಒತ್ತೋದ್ರಿಂದ ಆಗ್ತೈತೆ. ನಾನು ಒಂದ್ಸಲ ಊರನ್ನೇ ಕತ್ತಲು ಮಾಡಿದೀನಿ, ನಂಬಿ."

ಅವನು ಕೇಳಿದ್ದು ಒಂದೇ ಶಿಸ್ತು. ಡೆಕ್ಕಿನ ಕ್ರೇನ್, ಸಮುದ್ರದ ನೀರೆತ್ತುವ ಪಂಪು, ಇಂಥ ದೊಡ್ಡದನ್ನು ಚಾಲೂ ಮಾಡುವವನು ಮೊದಲು ಇಂಜಿನ್ ಕೋಣೆಗೆ ಫೋನ್ ಮಾಡಬೇಕು. ಹಿಂದಿನದು ಹೊರಟು ತಹಬಂದಿಗೆ ಬಂದಿದೆ ಎಂದ ಮೇಲೆ ತನ್ನದನ್ನು ಒತ್ತಬೇಕು. ಕ್ಯಾಪ್ಟನ್ ಗೊಣಗುತ್ತಲೇ ಒಪ್ಪಿದರು.

ಮೂರನೆಯ ದಿನ ಮಧ್ಯಾಹ್ನ, ಪಂಪು ಹೊರಡುತ್ತಿದ್ದಾಗಲೇ ಕ್ರೇನಿನವನು ಫೋನ್ ಮಾಡದೆ ತನ್ನದನ್ನೂ ಒತ್ತಿದ. ಹೊರೆ ಮಿತಿ ಮೀರಿತು. ಇಂಥ ಹೊತ್ತಿಗೆ ಯಾವುದರ ಕರೆಂಟ್ ಮೊದಲು ತಾನಾಗಿ ಕಡಿಯಬೇಕೆಂದು ರಂಗೇಶ ಮೊದಲೇ ಗೊತ್ತು ಮಾಡಿಟ್ಟಿದ್ದರಿಂದ ಅಡುಗೆಮನೆ, ಏಸಿ ನಿಂತವು. ರೆಕ್ಕೆಗಳ ಮೋಟಾರು ನಿಲ್ಲಲಿಲ್ಲ. ಹಡಗು ಓಡುತ್ತಲೇ ಇತ್ತು. ಕ್ಯಾಪ್ಟನ್ನರ ಊಟ ಮಾತ್ರ ಅರ್ಧ ಬೆಂದು ನಿಂತಿತ್ತು. ಅವರು ಕೆಳಗಿಳಿದು ಬಂದು ಖಚಿತವಾಗಿ ಹೇಳಿದರು: ದಡ ಸೇರುವ ತನಕ ಎಂಟು ದಿನ. ಇನ್ನೊಮ್ಮೆ ಹೀಗಾದರೆ ಮತ್ತೆ ಮೂರು ಜನರೇಟರ್, ರಂಗೇಶ ಹಡಗಿನಿಂದ ಇಳಿಯಬೇಕು.

ಪ್ರಸನ್ನ ಕುಮಾರ್ ಹಿಂದೆ ಸರಿಯಲು ಹೇಳಿದರು. "ಮೂರೇ ಓಡಿಸೋಣ ಬಿಡಪ್ಪ. ಡೀಸೆಲ್ ಉಳಿಸೋಕ್ಕೋಗಿ ಕೆಲ್ಸ ಕಳ್ಕೋತೀಯ."

"ಹೋದ್ರೆ ಹೋಗ್ಲಿ ಬುಡಿ ಸಾರ್. ಸರಿ ಇರೋದ್ನ ತಪ್ಪು ಅಂತ ಒಪ್ಕೊಂಡು ಹೆಂಗೆ ಮಲಗ್ಲಿ?"

ಅವನು ಕ್ರೇನಿನವನ ಮೇಲೆ ದೂರು ಬರೆಯಲಿಲ್ಲ. ಅವನನ್ನು ಇಂಜಿನ್ ಕೋಣೆಗೆ ಕರೆತಂದು ಮೀಟರಿನ ಮುಂದೆ ಕೂರಿಸಿ, ಮೇಲೆ ಪಂಪು ಹಾಕಲು ಹೇಳಿದ. ಮುಳ್ಳು ಎಗರಿ, ನಿಧಾನ ಇಳಿದು ನಿಂತಿತು. ಕ್ರೇನಿನವನು ಇನ್ನೊಮ್ಮೆ ಹಾಕಿಸಿ ನೋಡಿದ. ಅಲ್ಲಿಂದ ಎಂಟು ದಿನ ಫೋನ್ ಮಾಡದೆ ಅವನು ಗುಂಡಿ ಮುಟ್ಟಲಿಲ್ಲ. ಬೇರೆಯವರು ಮುಟ್ಟಹೋದರೆ ಗದರುತ್ತಿದ್ದ.

ದಡ ಸೇರಿದಾಗ ಅಳೆದು ನೋಡಿದರು. ತೆರೆದ ಕಡಲಿನ ಓಟದಲ್ಲಿ ಹತ್ತರಲ್ಲಿ ಒಂದು ಪಾಲು ಡೀಸೆಲ್ ಉಳಿದಿತ್ತು. ಕ್ಯಾಪ್ಟನ್ ಹೊಗಳಲಿಲ್ಲ. ಹಡಗಿನ ನಿಯಮಗಳ ಪುಸ್ತಕ ತರಿಸಿ, ಎರಡು ಜನರೇಟರಿನ ಓಟ ಮತ್ತು ಫೋನಿನ ಸರದಿ ಎರಡನ್ನೂ ಬರೆದು ಸಹಿ ಹಾಕಿದರು. ಅಂದು ಸಂಜೆ ರಂಗೇಶ ನನಗೆ ಕರೆ ಮಾಡಿದ್ದು ನೆನಪಿದೆ. "ಇಳಿಸ್ಲಿಲ್ಲ ಕಣ್ಲಾ," ಎಂದಷ್ಟೇ ಹೇಳಿ ನಕ್ಕ. ಏನು ಎತ್ತ ಎಂದು ನಾನು ಆಗ ಕೇಳಲಿಲ್ಲ. ಕೇಳಬೇಕಿತ್ತು.

ಅವನು ಹೋದ ಮೇಲೆ ಆ ಹಡಗಿಗೆ ಹೊಸ ಎಲೆಕ್ಟ್ರಿಷಿಯನ್ ಬಂದಿದ್ದಾನೆ. ಮೊನ್ನೆ ಪ್ರಸನ್ನ ಕುಮಾರ್ ಫೋನಿನಲ್ಲಿ ಹೇಳಿದರು: ಬಂದ ಮೊದಲ ದಿನವೇ ಅವನು ಮೂರನೆಯ ಜನರೇಟರನ್ನು ಯಾಕೆ ಓಡಿಸುವುದಿಲ್ಲ ಎಂದು ಕೇಳಿದನಂತೆ. ಇವರು ಪುಸ್ತಕ ತೆಗೆಯುವಷ್ಟರಲ್ಲಿ ಕ್ರೇನಿನವನು ಅವನನ್ನು ಮೀಟರಿನ ಮುಂದೆ ಕೂರಿಸಿಯಾಗಿತ್ತಂತೆ.