ಬಾನಿಯಲ್ಲಿ ಉಪ್ಪುನೀರು

ನಮ್ಮ ಹಿತ್ತಲಿನಲ್ಲಿ ಒಂದು ಮಣ್ಣಿನ ಬಾನಿ ಇತ್ತು. ಹಸು ಮಾರಿದ ಮೇಲೆ ಕಲಗಚ್ಚಿನ ಕೆಲಸ ತಪ್ಪಿ ಬರಿದೇ ಬಿದ್ದಿತ್ತು. ಅಪ್ಪ ಅದನ್ನು ತಿಕ್ಕಿ ತೊಳೆದು, ನೀರು ತುಂಬಿಸಿ, ಕಲ್ಲುಪ್ಪು ಸುರಿದು ಕೋಲಿನಿಂದ ಕದಡಿದರು. ಸಿಲೋನಿಗೆ ಹೋಗಿ ಸಮುದ್ರದ ದಡದಲ್ಲಿ ಮೀನು ಹಿಡಿಯುವುದಕ್ಕೆ ನಮ್ಮ ಮನೆಯಲ್ಲಿ ನಡೆದ ಮೊದಲ ತಯಾರಿ ಅದು.

ಅಪ್ಪ ಸಮುದ್ರವನ್ನು ಕಂಡವರೇ ಅಲ್ಲ. ಮಂಡಿ ಮೊಹಲ್ಲಾದಲ್ಲಿ ತಗಡಿನ ಟ್ರಂಕು ಮಾಡುವ ಕೆಲಸ. ಭಾನುವಾರ ಬಂದರೆ ಶ್ರೀರಂಗಪಟ್ಟಣದ ಹೊಳೆದಂಡೆ. ಗಾಳ ಹಾಕುವುದನ್ನು ಅವರಿಂದಲೇ ಕಲಿತ ಚಿಕ್ಕಪ್ಪ, ಮಂಡಿಯ ಏಲಕ್ಕಿ ಸಾಹೇಬರ ನೆಂಟರ ಅಂಗಡಿಗೆಂದು ಕೊಲಂಬೊಗೆ ಹೋದವನು ಅಲ್ಲೇ ಉಳಿದುಬಿಟ್ಟ. ತಾಯಿಯಿಲ್ಲದ ಆ ತಮ್ಮನನ್ನು ಅಪ್ಪ ಅಮ್ಮ ಮಗನ ಹಾಗೆ ಸಾಕಿದ್ದರು. ಹಿಂದಿನ ದಸರೆಗೆ ಬಂದಾಗ, ಇನ್ನು ಹೋಗಬೇಡವೆಂದು ಅಮ್ಮ ಕಣ್ಣೀರಿಟ್ಟಳು. ಅವನು ನಕ್ಕು ಅಪ್ಪನ ಕಡೆ ತಿರುಗಿದ.

"ನೀನೊಂದ್ಸಲ ಬಂದು ನಮ್ ಬಂಡೆ ಮೇಲ್ ನಿಂತು ಸಮುದ್ರದ ಮೀನ್ ಹಿಡಿದು ತೋರ್ಸಣ್ಣ. ಹಿಡಿದ್ರೆ ನಿನ್ ಜೊತೇಲೇ ವಾಪಸ್ ಬಂದ್ಬುಡ್ತೀನಿ."

ತಮಾಷೆಗೆ ಅಂದದ್ದೇ ಇರಬಹುದು. ಅಪ್ಪ ಮಾತ್ರ ಅದನ್ನು ಆಣೆ ಇಟ್ಟ ಹಾಗೆ ನಂಬಿದರು. ಪಾಸ್‌ಪೋರ್ಟಿಗೆಂದು ಜೀವಮಾನದಲ್ಲೇ ಮೊದಲ ಸಲ ಫೋಟೋ ತೆಗೆಸಿಕೊಂಡರು.

ಹೊಳೆಯ ಗಾಳಗಳನ್ನು ಬಾನಿಯಲ್ಲಿ ನೆನೆಹಾಕಿದರೆ ತುಕ್ಕು ಹಿಡಿದವು. ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆ ಅವಕ್ಕೆ ಕಲಾಯಿ ಹಾಕಿದರು. ಮೊನೆ ಮೊಂಡಾಯಿತೆಂದು ಅರದಿಂದ ಉಜ್ಜಿದರು. ತಿರುಗಿ ಬಾನಿಗೆ ಹಾಕಿದರೆ ಉಜ್ಜಿದ ಕಡೆ ಮತ್ತೆ ತುಕ್ಕು. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಕಟ್ಟಿ, ಉಪ್ಪುನೀರಿನಲ್ಲಿ ಎಷ್ಟು ಹೊತ್ತು ಕರಗದೆ ಇರುತ್ತದೆ ನೋಡೆಂದು ನನ್ನನ್ನು ಕೂರಿಸುತ್ತಿದ್ದರು. ಹೈಸ್ಕೂಲಿನ ಪರೀಕ್ಷೆ ಮುಂದಿಟ್ಟುಕೊಂಡು ಹಿಟ್ಟು ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ.

"ಸಮುದ್ರದ ಮೀನು ರಾಗಿ ತಿನ್ನುತ್ತಾ ಅಪ್ಪಾ?"

"ನಾವ್ ತಿನ್ನಲ್ವಾ? ಸುಮ್ನೆ ನೋಡ್ತಾ ಕೂತ್ಕೊ."

ಉಪ್ಪನ್ನು ಹೀಗೆ ನೀರುಪಾಲು ಮಾಡಿದ್ದಕ್ಕೆ ಅಮ್ಮ ಬಯ್ಯದ ದಿನವಿರಲಿಲ್ಲ. "ನಿಮ್ಗೇನ್ ಗರ ಬಡ್ದಿದ್ಯೇನ್ರೀ?" ಎನ್ನುತ್ತಲೇ ಮೈದುನನಿಗೆ ಕಳಿಸಲು ಹುರಿಹಿಟ್ಟು ಹುರಿಯುತ್ತಿದ್ದಳು. ಅವನಿಗೆ ಹೆಣ್ಣನ್ನೂ ನೋಡಿಟ್ಟಿದ್ದಳು.

ಒಂದು ಸಂಜೆ ಏಲಕ್ಕಿ ಸಾಹೇಬರು ತಾವೇ ಮನೆಗೆ ಬಂದರು. ಕರೆದರೂ ಒಳಗೆ ಬರದೆ ಬಾಗಿಲಲ್ಲೇ ನಿಂತರು. "ನೀವಿನ್ನು ಹೊರಡೋದ್ ಬೇಡ," ಎಂದರು. "ಬಂಡೆ ಮೇಲೆ ಗಾಳ ಹಾಕ್ಕೊಂಡು ನಿಂತಿದ್ನಂತೆ. ಅಲೆ ಎಳ್ಕೊಂಡ್ ಹೋಯ್ತಂತೆ ಕಣ್ರೀ. ಎಲ್ಲಾ ಕಡೆ ಹುಡುಕಿದ್ರಂತೆ, ಸಿಗ್ಲಿಲ್ಲ."

ಅಮ್ಮ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ಅಪ್ಪ ಅಳಲಿಲ್ಲ. ಹಿತ್ತಲಿಗೆ ಹೋಗಿ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಉಪ್ಪೊಂದನ್ನೇ ನೋಡ್ಕೊಂಡೆ ಕಣಮ್ಮ," ಎಂದರು ನನಗೆ. "ಅಲ್ಲಿ ಅಲೆ ಇರ್ತದೆ ಅಂತ ಹೊಳೀಲೇ ಇಲ್ಲ."

ನನಗೆ ಚಿಕ್ಕಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಸುಮ್ಮನೆ ಬಂದುಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸತ್ತವನ ಮೇಲೆ ಸಿಟ್ಟಾಗಬಾರದೆಂದು ಯಾರಾದರೂ ಅಂದಿದ್ದರೆ ಅವರ ಮೇಲೂ ಹರಿಹಾಯುತ್ತಿದ್ದೆ.

ನಮ್ಮವರಲ್ಲಿ ಮೂರನೆಯ ದಿನ, ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಡುತ್ತಾರೆ. ಮಣ್ಣೇ ಆಗದವನಿಗೆ ಎಲ್ಲಿ ಬಿಡುವುದು? ಸುದ್ದಿ ಬಂದ ಮೂರನೆಯ ದಿನಕ್ಕೆ ಸೇರಿದ ನೆಂಟರು ಹೊಳೆಗೆ ಬಿಡಿ ಎಂದರು. "ಅವನು ಹೊಳೇಲಿ ಇಲ್ವಲ್ಲ," ಎಂದು ಅಪ್ಪ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಅಮ್ಮ ಹಾಲುತುಪ್ಪದ ಚೆಂಬು ತಂದು ಬಾನಿಯ ಹತ್ತಿರ ನಿಂತಳು.

"ಇಲ್ಲೇ ಬುಡಿ. ಇದೂ ಉಪ್ಪುನೀರೇ ಅಲ್ವಾ?"

ನೆಂಟರು ಬಾನಿಯ ಸುತ್ತ ಬಂದು ನಿಂತರು. ಅಪ್ಪ ಚೆಂಬು ಮುಟ್ಟದೆ, ತೋಳೇರಿಸಿ ಬಾನಿಯ ತಳದಲ್ಲಿ ಕೈಯಾಡಿಸತೊಡಗಿದರು.

"ಏನ್ ಹುಡುಕ್ತಿದೀರಾ?" ಎಂದಳು ಅಮ್ಮ.

"ಗಾಳ. ಅವನಿಗೆ ಚುಚ್ಚುತ್ತೆ."

ಒಂದೊಂದನ್ನೇ ತಡಕಿ ತೆಗೆದು ಕಲ್ಲಿನ ಮೇಲಿಟ್ಟರು. ಒಂದೂ ಉಳಿದಿಲ್ಲವೆಂದು ಮತ್ತೊಮ್ಮೆ ತಳವನ್ನೆಲ್ಲ ಸವರಿ ನೋಡಿ, ಆಮೇಲೆ ಹಾಲು ಬಿಟ್ಟರು.