ಪಾಲಮ್ಮ ಕೊಟ್ಟ ಚೀಟಿ

ಓಬಮ್ಮ ಹುಟ್ಟಿದ ದಿನವನ್ನು ಬರೆದಿರುವ ಚೀಟಿ ನನ್ನ ಹತ್ತಿರ ಇದೆ. ಇಪ್ಪತ್ತಾರು ವರ್ಷದಿಂದ ಇದೆ. ಅದನ್ನು ಕೇಳಿಕೊಂಡು ಅವಳೂ ಅವಳ ತಾಯಿಯೂ ನನ್ನ ಮನೆಗೆ ಬಂದಾಗ, ಅಂಥದೊಂದು ಚೀಟಿಯನ್ನು ನಾನು ಕಂಡೇ ಇಲ್ಲ ಎಂದು ಹೇಳಿದೆ. ಚಹಾ ಕೊಟ್ಟು, ಮುಖ ನೋಡಿಕೊಂಡೇ ಹೇಳಿದೆ. ಚೀಟಿ ಆಗ ಇದ್ದದ್ದು ಅವರಿಬ್ಬರೂ ಕೂತಿದ್ದ ಮಂಚದ ಕೆಳಗಿನ ಟ್ರಂಕಿನಲ್ಲಿ.

ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ನಾನು ಸುತ್ತಿ ಬಳಸಿ ಮಾತಾಡುವವನು. ಕಾರಣದಿಂದ ಶುರು ಮಾಡಿದರೆ ತಪ್ಪಿನವರೆಗೆ ಬಂದು ಮುಟ್ಟುವುದೇ ಇಲ್ಲ.

ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಈಗ ಹರಪನಹಳ್ಳಿ ಕಡೆ ಒಂದು ಶಾಲೆಗೆ ಮುಖ್ಯ ಗುರು. ವಯಸ್ಸು ಐವತ್ತೆರಡು, ದಿನಕ್ಕೆ ಬಿ.ಪಿ. ಮಾತ್ರೆ ಎರಡು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವವರ ಪೈಕಿ. ಬೀಗ ಹಾಕಿದ ಮೇಲೆ ನಾಲ್ಕು ಸಲ ಜಗ್ಗಿ ನೋಡುತ್ತೇನೆ. ಐದನೆಯ ಸಲ ಜಗ್ಗಿದರೆ ಬೀಗವೇ ಕಿತ್ತು ಬಂದೀತೆಂಬ ಭಯಕ್ಕೆ ಬಿಡುತ್ತೇನೆ. ಹೆಂಡತಿ ‘ನೀವು ಚಿಂತಿ ಮಾಡಾಕಂತನಾ ಹುಟ್ಟೀರಿ’ ಎನ್ನುತ್ತಾಳೆ. ಮೊನ್ನೆಯವರೆಗೂ ಅವಳಿಗೆ ಗೊತ್ತಿಲ್ಲದಿದ್ದದ್ದು ಈ ಒಂದು ಚಿಂತೆ.

ನನ್ನ ಮೊದಲ ಶಾಲೆ ಇದ್ದದ್ದು ಗುಡೇಕೋಟೆಯಿಂದ ಮೂರು ಮೈಲಿ ಒಳಗೆ, ಗುಂಡುಗಲ್ಲುಗಳ ನಡುವೆ. ಎರಡು ಕೋಣೆ, ಇಬ್ಬರು ಮೇಷ್ಟ್ರು, ಅಂಗಳದಲ್ಲಿ ಒಂದು ಹುಣಸೆಮರ. ಈಗಲೂ ಹುಣಸೆಹುಳಿಯ ವಾಸನೆ ಬಂದರೆ ನನಗೆ ಇಪ್ಪತ್ತಾರೇ ವಯಸ್ಸು.

ಆ ಕಾಲಕ್ಕೆ ನಮ್ಮ ಕಡೆ ಮಕ್ಕಳ ಹುಟ್ಟಿದ ದಿನ ನಿರ್ಧರಿಸುತ್ತಿದ್ದದ್ದು ಬ್ರಹ್ಮನಲ್ಲ, ಮೇಷ್ಟ್ರು. ಜೂನ್ ತಿಂಗಳಲ್ಲಿ ಮನೆ ಮನೆಗೆ ಹೋಗಿ ಹೆಸರು ದಾಖಲು ಮಾಡಿಕೊಳ್ಳಬೇಕು. ‘ಎಷ್ಟು ವಯಸ್ಸವ್ವ?’ ಎಂದರೆ, ‘ಕೆರಿ ಕೋಡಿ ಬಿದ್ದ ವರ್ಷ ಹುಟ್ಯಾನ್ರಿ’, ‘ನಮ್ಮತ್ತಿ ಸತ್ತಾಗ ಇನ್ನಾ ಎದಿಹಾಲು ಕುಡೀತಿದ್ಳು’ ಎನ್ನುವ ಉತ್ತರ. ಅದನ್ನೆಲ್ಲ ದಾಖಲಾತಿ ಪುಸ್ತಕದ ಅರ್ಧ ಅಂಗುಲದ ಕಾಲಮ್ಮಿನಲ್ಲಿ ತುಂಬಲಾದೀತೆ? ಜೂನ್ ಒಂದು ಎಂದು ಬರೆಯುತ್ತಿದ್ದೆವು. ವರ್ಷ ಅಂದಾಜಿನ ಮೇಲೆ. ನಮ್ಮ ಶಾಲೆಯ ಮೂವತ್ತು ಚಿಲ್ಲರೆ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದರು. ಆವತ್ತು ಊರ ಸೂಲಗಿತ್ತಿಯ ಗತಿ ಏನಾಗಿರಬೇಕೆಂದು ನಾನೂ ಜೊತೆಯ ಮೇಷ್ಟ್ರೂ ನಗುತ್ತಿದ್ದೆವು.

ಪಾಲಮ್ಮ ಮಾತ್ರ ಕಾಗದ ಹಿಡಿದುಕೊಂಡು ಬಂದಳು. ಗಾರೆ ಕೆಲಸದವರಿಗೆ ಸಿಮೆಂಟು ಕಲಸಿ ಕೊಡುತ್ತಿದ್ದ ಹೆಂಗಸು, ಗಂಡ ಇರಲಿಲ್ಲ. ಸೊಂಟದ ಮೇಲೆ ಮಗಳು, ಸೆರಗಿನ ಗಂಟಿನಲ್ಲಿ ಚುಚ್ಚುಮದ್ದಿನ ಚೀಟಿ. ಹೆರಿಗೆಗೆ ಬಂದಿದ್ದ ನರ್ಸು ತನ್ನ ಕೈಯಾರೆ ಬರೆದು, ಸೀಲು ಒತ್ತಿ ಕೊಟ್ಟದ್ದು.

‘ನರ್ಸಮ್ಮ ಬರಕೊಟ್ಟಾಳ್ರಿ ಮೇಷ್ಟ್ರ. ನಮ್ಮ ಮನ್ಯಾಗ ಇಲಿ ಬಾಳ. ನಿಮ್ಮತ್ರಾನ ಇರ್ಲಿ, ನೀವು ಓದಿದೋರು, ಜ್ವಾಕಿ ಮಾಡ್ತೀರಿ’ ಎಂದಳು.

ಬಿಡಿಸಿ ನೋಡಿದೆ. ಹುಟ್ಟಿದ್ದು ನವೆಂಬರಿನಲ್ಲಿ, ಮಗುವಿಗೆ ನಾಲ್ಕೂವರೆ ವರ್ಷ. ಒಂದನೇ ತರಗತಿಗೆ ತೀರ ಚಿಕ್ಕದು. ಮುಂದಿನ ವರ್ಷ ಕರೆದುಕೊಂಡು ಬಾ ಎನ್ನಬೇಕಿತ್ತು. ಆದರೆ ಆ ವರ್ಷ ನಮ್ಮ ಶಾಲೆಗೆ ಒಂದು ತಲೆ ಕಡಿಮೆ ಬಿದ್ದಿತ್ತು. ಸಂಖ್ಯೆ ತುಂಬದಿದ್ದರೆ ಇಬ್ಬರಲ್ಲಿ ಕಿರಿಯ ಮೇಷ್ಟ್ರನ್ನು ‘ಹೆಚ್ಚುವರಿ’ ಎಂದು ಗುರುತಿಸಿ ಎಲ್ಲಿಗಾದರೂ ಎತ್ತಿ ಹಾಕುತ್ತಿದ್ದರು. ಕಿರಿಯವನು ನಾನು. ಆಗಷ್ಟೇ ಮದುವೆಯಾಗಿ, ಕೂಡ್ಲಿಗಿಯಲ್ಲಿ ಮನೆ ಮಾಡಿ —

ಬರೆದೆ. ಜೂನ್ ಒಂದು, ವಯಸ್ಸು ಪೂರ್ತಿ ಆರು. ಒಂದೂವರೆ ವರ್ಷವನ್ನು ಒಂದು ಗೀಟಿನಲ್ಲಿ ಕೂಡಿಸಿಬಿಟ್ಟೆ. ಈ ಲೋಕದಲ್ಲಿ ಆಟಕ್ಕಾಗಿ ಮಕ್ಕಳ ವಯಸ್ಸು ಇಳಿಸಿದವರು ಬೇಕಾದಷ್ಟು ಜನ. ಏರಿಸಿದ ಜಾಣ ನಾನೊಬ್ಬನೇ ಇರಬೇಕು. ಚೀಟಿಯನ್ನು ಅರ್ಜಿಗೆ ಲಗತ್ತಿಸಿದರೆ ತಾರೀಕು ಹೊಂದುವುದಿಲ್ಲ. ವಾಪಸು ಕೊಟ್ಟರೆ ಯಾಕೆಂದು ಕೇಳಿಯಾಳು. ಮನೆಗೆ ಒಯ್ದೆ.

ಆ ತಪ್ಪನ್ನು ಹಾಗೂ ಹೀಗೂ ನುಂಗಿಕೊಂಡೇನು. ಅದಾದ ಮೇಲಿನದು —

ಇಲ್ಲ, ಮೊದಲು ಹುಣಸೆಮರದ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ನಾನು ಏನನ್ನು ಕೆಡಿಸಿದೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಮಧ್ಯಾಹ್ನ ಬಿಟ್ಟ ಕೂಡಲೇ ಮಕ್ಕಳೆಲ್ಲ ಮರಕ್ಕೆ ಕಲ್ಲು ಬೀರುತ್ತಿದ್ದರು. ಕಾಯಿಗಿಂತ ಹೆಂಚಿಗೆ ಬೀಳುತ್ತಿದ್ದದ್ದೇ ಹೆಚ್ಚು. ಓಬಮ್ಮ ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ಬೆತ್ತ ಹಿಡಿದು ಹೊರಗೆ ಹೋದೆ. ಉಳಿದವರೆಲ್ಲ ಪರಾರಿ. ಇವಳು ಕೈಯಲ್ಲಿ ಕಲ್ಲು ಹಿಡಿದು ನಿಂತೇ ಇದ್ದಳು.

‘ಹೆಂಚು ಒಡದಾಕಿ ನೀನೇನಾ?’

‘ನಾನು ಒಗದ್ರ ಹೆಂಚಿಗೆ ಯಾಕ ಬೀಳ್ತೈತ್ರಿ? ನಿಮಗ ಯಾವ ಕಾಯಿ ಬೇಕು ಹೇಳ್ರಿ ಮೇಷ್ಟ್ರ.’

ಸೊಕ್ಕು ನೋಡು ಎನಿಸಿತು. ತುದಿಯ ಕೊಂಬೆಯಲ್ಲಿ ಒಂಟಿಯಾಗಿ ಜೋತುಬಿದ್ದಿದ್ದ ಒಂದನ್ನು ತೋರಿಸಿದೆ. ಎರಡು ಹೆಜ್ಜೆ ಹಿಂದೆ ಸರಿದಳು, ಲಂಗ ಸಿಕ್ಕಿಸಿದಳು, ಬಲಗೈಯನ್ನು ಎಲ್ಲೋ ಬೆನ್ನಿನ ಹಿಂದಕ್ಕೆ ಒಯ್ದು — ಕಾಯಿ ನನ್ನ ಕಾಲ ಹತ್ತಿರ ಬಂದು ಬಿತ್ತು. ನಾನು ಬೆತ್ತ ಕೆಳಗಿಟ್ಟು ಕಾಯಿ ತಿಂದೆ. ಇನ್ನೊಂದು ತೋರಿಸಿದೆ. ಆವತ್ತು ಮಧ್ಯಾಹ್ನದ ಗಂಟೆ ಅರ್ಧ ತಾಸು ತಡವಾಗಿ ಹೊಡೆಯಿತು.

ನಾನೇನು ಆಟದ ಮೇಷ್ಟ್ರಲ್ಲ. ಕಬಡ್ಡಿ ನೋಡಿದರೂ ಯಾರದಾದರೂ ಕಾಲು ಮುರಿದೀತೆಂದು ಕಣ್ಣು ಮುಚ್ಚಿಕೊಳ್ಳುವವನು. ಆದರೂ ಆ ಕೈಯನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಒಂದು ಬಿದಿರ ಗಳ ತಂದು, ಸವರಿ, ಕಮ್ಮಾರನ ಹತ್ತಿರ ತುದಿಗೆ ಕಬ್ಬಿಣದ ಮೊನೆ ಕೂರಿಸಿಕೊಂಡು ಬಂದೆ. ನಮ್ಮ ಭರ್ಜಿ! ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಎಸೆಯುವುದು, ನಾನು ‘ಯಾರಾದ್ರೂ ಅಡ್ಡ ಬಂದಾರು, ನೋಡವ್ವ, ನೋಡವ್ವ’ ಎಂದು ಕಲ್ಲು ಬಂಡೆಗಳ ಸುತ್ತ ಓಡಾಡುವುದು. ಆ ಗಳ ಬೀಳುವ ಜಾಗ ವಾರ ವಾರಕ್ಕೂ ದೂರ ಹೋಗುತ್ತಿತ್ತು. ನನ್ನ ನೌಕರಿಯಲ್ಲಿ ಸಂತೋಷದ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ನಾನು ಆ ಸಂಜೆಗಳ ಹೆಸರನ್ನೇ ಹೇಳಬೇಕು. ಹೇಳುವ ಹಕ್ಕು ಇಲ್ಲದಿದ್ದರೂ.

ನಾಲ್ಕು ವರ್ಷಕ್ಕೆ ಹೇಗೂ ನನಗೆ ವರ್ಗವಾಯಿತು. ಯಾವ ಜಾಗ ಉಳಿಸಿಕೊಳ್ಳಲು ಅವಳ ವಯಸ್ಸು ತಿದ್ದಿದ್ದೆನೋ ಆ ಜಾಗದಿಂದಲೇ! ಹಗರಿಬೊಮ್ಮನಹಳ್ಳಿ ಕಡೆ ಕೆಲವು ವರ್ಷ, ಆಮೇಲೆ ಹಡಗಲಿ. ಟ್ರಂಕೂ ನನ್ನ ಜೊತೆ ಊರೂರು ತಿರುಗಿತು. ಚೀಟಿಯನ್ನು ಎಸೆಯಲು ಭಯ, ಕೊಡಲೂ ಭಯ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಟ್ಟೆ. ಇಲಿ ಕಡಿದಿಲ್ಲ. ಪಾಲಮ್ಮನಿಗೆ ಕೊಟ್ಟ ಮಾತಿನಲ್ಲಿ ಅದೊಂದನ್ನು ಉಳಿಸಿಕೊಂಡಿದ್ದೇನೆ.

ಓಬಮ್ಮ ಅಷ್ಟರಲ್ಲಿ ಕೊಟ್ಟೂರಿನಲ್ಲಿ ಪಿ.ಯು. ಓದುತ್ತ, ತನಗಿಂತ ದೊಡ್ಡ ಹುಡುಗಿಯರನ್ನು ಸೋಲಿಸುತ್ತಿದ್ದಳು. ಯಾರದೋ ಕಣ್ಣಿಗೆ ಬಿದ್ದಳು. ಹೊರದೇಶದಲ್ಲಿ ಹದಿಹರೆಯದವರಿಗಾಗಿ ಹಲವು ದೇಶಗಳ ಕ್ರೀಡಾಕೂಟ. ಅದಕ್ಕೆ ಭರ್ಜಿ ಎಸೆತದವರನ್ನು ಆರಿಸುವ ಪರೀಕ್ಷೆ ಒಂದು ತಿಂಗಳಲ್ಲಿ. ಅವಳ ಎಸೆತ ಸಾಕಷ್ಟಿತ್ತು. ವಯಸ್ಸು ಹೆಚ್ಚಾಗಿತ್ತು — ಶಾಲೆಯ ದಾಖಲೆಯಂತೆ, ಏಳು ತಿಂಗಳು. ಶಾಲೆಗೆ ಸೇರುವ ಮುಂಚಿನ ಕಾಗದ ಏನಾದರೂ ಇದ್ದರೆ ತಿದ್ದುಪಡಿಗೆ ಹಾಕೋಣ, ನಾನೇ ಓಡಾಡುತ್ತೇನೆ ಎಂದು ಅವಳ ಕೋಚು ಹೇಳಿದರಂತೆ.

ಹಾಗೆ ಬಂದರು. ಕೊಟ್ಟೂರಿಗೊಂದು ಬಸ್ಸು, ಅಲ್ಲಿಂದ ಹಗರಿಬೊಮ್ಮನಹಳ್ಳಿಗೊಂದು, ಅಲ್ಲಿಂದ ಹಡಗಲಿಗೊಂದು. ಪಾಲಮ್ಮನ ಕೈಯಲ್ಲಿ ನನಗೆಂದು ತಂದ ಹುಣಸೆಹಣ್ಣಿನ ಚೀಲ. ಶಾಲೆಯ ಮರದ್ದೇ ಅಂತೆ.

‘ಚೀಟಿ ನಿಮ್ಮ ಕೈಯಾಗ ಕೊಟ್ಟಿದ್ನೆಲ್ರಿ ಮೇಷ್ಟ್ರ. ಒಂಚೂರು ಹುಡುಕಿ ನೋಡ್ರಿ’ ಎಂದಳು.

ನನ್ನ ತಲೆಯಲ್ಲಿ ಆ ಕ್ಷಣ ಏನು ಓಡಿತು ಎಂದು ಈಗಲೂ ಬಿಡಿ ಬಿಡಿಯಾಗಿ ನೆನಪಿದೆ. ಚೀಟಿ ಹೊರಬಂದರೆ, ಇದು ಕೈಯಲ್ಲಿ ಇದ್ದೂ ಬೇರೆ ಯಾಕೆ ಬರೆದೆ ಎಂದು ಕೇಳುತ್ತಾರೆ. ಒಂದು ಹೆಸರು ತೆಗೆದರೆ ಮೂವತ್ತೂ ಜೂನ್ ಒಂದುಗಳು ಎದ್ದು ಕೂಡುತ್ತವೆ. ವಿಚಾರಣೆ, ನೋಟೀಸು, ಬಡ್ತಿಯ ಪಟ್ಟಿ... ಯಾರೂ ಇನ್ನೂ ಏನನ್ನೂ ಕೇಳಿರಲಿಲ್ಲ. ಎಲ್ಲವನ್ನೂ ನಾನೇ ಕೇಳಿಕೊಂಡು, ನಾನೇ ಶಿಕ್ಷೆ ಕೊಟ್ಟುಕೊಂಡು, ಅದನ್ನು ಅವರಿಗೆ ದಾಟಿಸಿದೆ.

‘ಯಾವ ಚೀಟಿ ಪಾಲಮ್ಮ? ನೀನು ನನಗ ಏನೂ ಕೊಟ್ಟಿಲ್ಲ.’

ಅವಳು ಜಗಳ ತೆಗೆದಿದ್ದರೆ ಬಹುಶಃ... ಗೊತ್ತಿಲ್ಲ. ಅವಳು ನನ್ನನ್ನು ಅನುಮಾನಿಸಲೇ ಇಲ್ಲ. ಸ್ವಲ್ಪ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಳು, ಅಲ್ಲೇ ಇದ್ದದ್ದು ಈಗಷ್ಟೇ ಬಿದ್ದುಹೋಯಿತೇನೋ ಎಂಬಂತೆ.

‘ಹಂಗಾರ ನಾನಾ ಎಲ್ಲೋ ಕಳದೀನಿ. ಓದು ಬರಹ ಇಲ್ಲದಾಕಿ ನೆಪ್ಪು, ಅದನ್ನೇನು ನಂಬೋದು. ನಿಮ್ಮ ಮ್ಯಾಲ ಹಾಕಿದಂಗಾತು, ತಪ್ಪು ತಿಳಕಾಬ್ಯಾಡ್ರಿ ಮೇಷ್ಟ್ರ.’

ಕ್ಷಮೆ ಕೇಳಿದವಳು ಅವಳು. ಪರವಾಗಿಲ್ಲ ಬಿಡು ಎಂದವನು ನಾನು.

ಅವರು ಓಣಿಯ ತಿರುವಿನಲ್ಲಿ ಹೋಗುವಾಗ ಓಬಮ್ಮನ ದನಿ ಕೇಳಿಸಿತು. ಅಳುತ್ತಿದ್ದಳು, ಸಿಟ್ಟೂ ಇತ್ತು. ‘ಮೂರು ಬಸ್ ಹತ್ತಿಸ್ಕೊಂಡು ಬಂದೆಲ್ಲವ್ವ! ಒಂದು ಚೀಟಿ ಇಟ್ಕೊಳ್ಳಾಕ ಆಗಲಿಲ್ಲ ನಿನ್ನ ಕೈಲೆ?’

ಆ ವರ್ಷದ ಕ್ರೀಡಾಕೂಟದ ಸುದ್ದಿಯನ್ನು ಪೇಪರಿನಲ್ಲಿ ದಿನಾ ಓದಿದೆ. ಭರವಸೆಯ ಎಳೆಯರು ಎಂದು ಸಾಲಾಗಿ ಮುಖಗಳು. ಓಬಮ್ಮ ಹೋಗಿದ್ದರೆ ಗೆಲ್ಲುತ್ತಿದ್ದಳೇ? ತಿಳಿಯದು. ಚೀಟಿ ಕೊಟ್ಟಿದ್ದರೂ ತಿಂಗಳಲ್ಲಿ ತಿದ್ದುಪಡಿ ಆಗುತ್ತಿತ್ತೇ? ಅದೂ ತಿಳಿಯದು. ಯಾರಿಗೂ ಎಂದಿಗೂ ತಿಳಿಯದ ಹಾಗೆ ಮಾಡಿದವನು ನಾನು. ಮರುವರ್ಷ ಅವಳ ಭುಜ ಉಳುಕಿತು, ಆಮೇಲೆ ಭರ್ಜಿ ಮೊದಲಿನಷ್ಟು ದೂರ ಹೋಗಲಿಲ್ಲ.

ಈಗ ಅವಳೇ ಕೊಟ್ಟೂರಿನಲ್ಲಿ ಆಟದ ಟೀಚರು. ಈ ವರ್ಷದ ಅಂಥದೇ ಕೂಟದಲ್ಲಿ ಅವಳ ಕೈಕೆಳಗೆ ತಯಾರಾದ ಹಂಪಸಾಗರದ ಹುಡುಗಿ ಕಾವ್ಯ ಭರ್ಜಿ ಎಸೆದು ಮೂರನೆಯವಳಾಗಿ ಬಂದಳು. ಮೊಬೈಲಿನಲ್ಲಿ ನೋಡಿದೆ. ಎರಡು ಹೆಜ್ಜೆ ಹಿಂದೆ ಸರಿದು, ಬಲಗೈಯನ್ನು ಎಲ್ಲೋ ಬೆನ್ನಿನ ಹಿಂದಕ್ಕೆ ಒಯ್ದು — ಆ ಕೈ ನನಗೆ ಗೊತ್ತಿತ್ತು. ಹೆಂಡತಿ ಬಂದು ನೋಡಿ, ‘ಪದಕ ಬಂತು ಅಂತಾರ, ನೀವು ಸಾವಿನ ಮನ್ಯಾಗ ಕುಂತಂಗ ಕುಂತೀರಲ್ರೀ!’ ಎಂದಳು.

ಮಾರನೇ ದಿನ ಓಬಮ್ಮನ ಫೋನು. ‘ಸಾರ್, ನೋಡಿದ್ರಾ ನಮ್ಮ ಹುಡುಗೀನ? ಭಾನುವಾರ ಇಲ್ಲಿ ಸನ್ಮಾನ ಐತಿ. ವೇದಿಕಿ ಮ್ಯಾಲ ನಿಮ್ಮ ಕುರ್ಚಿ ಹಾಕ್ಸೀನಿ. ಬೈದು ಬಿಡಿಸದಾ ಕಲ್ಲು ಒಗಿಯಾಕ ಬಿಟ್ಟ ಮೇಷ್ಟ್ರು ನೀವೊಬ್ರಾ. ಬರಲಿಲ್ಲ ಅಂದ್ರ ಹೊತ್ಕೊಂಡು ಬರ್ತೀನಿ ನೋಡ್ರಿ!’ ತನ್ನ ಹುಡುಗಿಯರು ಮೊದಲ ದಿನ ಮೈದಾನಕ್ಕೆ ಬಂದಾಗಲೇ ಹುಟ್ಟಿದ ದಿನದ ಕಾಗದ ತರಿಸಿ, ಇಲ್ಲದಿದ್ದರೆ ತಾನೇ ಆಸ್ಪತ್ರೆಗೆ ಹೋಗಿ ತೆಗೆಸಿ ಫೈಲು ಮಾಡುತ್ತೇನೆಂದಳು. ‘ನನ್ನಂಗ ಆಗಬಾರ್ದು ನೋಡ್ರಿ.’

ಆಮೇಲೆ ಅಂದಳು: ‘ಅವ್ವ ನನ್ನ ಹತ್ರಾನ ಅದಾಳ. ಈಗ ಬಸ್ ಟಿಕೇಟು ಸೈತ ಒಗಿಯಂಗಿಲ್ಲ ಸಾರ್. ಬಿಸ್ಕತ್ ಡಬ್ಬಿ ತುಂಬ ಚೀಟಿ. ರೇಷನ್ನಿಂದು, ಔಷಧದ್ದು, ಗೋಡಿಗೆ ಅಂಟಸೋ ಪಾಂಪ್ಲೇಟು! ಯಾಕವ್ವ ಅಂದ್ರ, ಒಂದು ಕಳದು ನಿನ್ನ ಬಾಳೇವು ಕೆಡಿಸೀನಿ, ಇನ್ನ ಯಾವ್ದೂ ಕಳಿಯಾಕಿಲ್ಲ ಅಂತಾಳ. ನಾವೆಲ್ಲ ನಗ್ತೀವಿ.’

ಅವಳು ನಕ್ಕಳು. ನಾನೂ ನಕ್ಕೆ. ನಕ್ಕದ್ದನ್ನೂ ಇಲ್ಲಿ ಬರೆದುಬಿಡಬೇಕು.

ಇಷ್ಟು ವರ್ಷ ನಾನು ಓಬಮ್ಮನದು ಮಾತ್ರ ಕಸಿದೆ ಎಂದುಕೊಂಡಿದ್ದೆ. ಅದಲ್ಲ. ಒಬ್ಬ ಹೆಂಗಸಿಗೆ ತನ್ನ ನೆನಪಿನ ಮೇಲೆ ಇದ್ದ ನಂಬಿಕೆಯನ್ನು ಕಸಿದೆ. ಚೀಟಿಯನ್ನು ಅಷ್ಟು ಜೋಪಾನ ಮಾಡಿದವನು, ಕಳೆದವಳು ನೀನೇ ಎಂಬ ಮಾತನ್ನು ಅವಳ ಕೈಗೆ ಕೊಟ್ಟು ಕಳಿಸಿದೆ. ಅವಳು ಅದನ್ನು ಹದಿನಾಲ್ಕು ವರ್ಷ ಇಟ್ಟುಕೊಂಡಿದ್ದಾಳೆ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಕೊಟ್ಟೂರಿಗೆ ಹೋಗುತ್ತೇನೆ. ಸನ್ಮಾನಕ್ಕಲ್ಲ, ಅದರ ಮುಂಚಿನ ದಿನಕ್ಕೆ. ಟ್ರಂಕು ತೆಗೆದಾಗ ಹೆಂಡತಿ ಇದೇನೆಂದು ಕೇಳಿದಳು; ಅವಳಿಗೆ ಎಲ್ಲ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಇಲಾಖೆಗೆ ಬರೆದ ಪತ್ರವೂ ಜೇಬಿನಲ್ಲಿದೆ. ಭಯಗಳ ಪಟ್ಟಿ ಎಂದಿನಂತೆ ಉದ್ದ ಇದೆ, ಓಬಮ್ಮ ಬಾಗಿಲು ಹಾಕಿಕೊಂಡಾಳು ಎಂಬುದೂ ಅದರಲ್ಲಿದೆ. ಆದರೆ ಪಾಲಮ್ಮ ‘ಹೋಗ್ಲಿ ಬಿಡ್ರಿ ಮೇಷ್ಟ್ರ’ ಎಂದುಬಿಟ್ಟರೆ ಎಂಬ ಭಯ ಎಲ್ಲಕ್ಕಿಂತ ಮೇಲಿದೆ. ನಾನು ಬಿಡು ಎನಿಸಿಕೊಳ್ಳಲು ಹೋಗುತ್ತಿಲ್ಲ.

ಮಗಳ ಎದುರಿಗೇ ಚೀಟಿಯನ್ನು ಪಾಲಮ್ಮನ ಕೈಯಲ್ಲಿ ಇಡಬೇಕು. ಕಾರಣಗಳನ್ನೆಲ್ಲ ಇಲ್ಲೇ ಬರೆದು ಮುಗಿಸಿದ್ದೇನೆ, ಅಲ್ಲಿಗೆ ಒಂದನ್ನೂ ಒಯ್ಯುವುದಿಲ್ಲ. ಎರಡೇ ಮಾತು. ಮರೆತೇನೆಂದು ಮೂರು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ:

ಪಾಲಮ್ಮ, ನೀನು ಕಳದಿಲ್ಲ. ನನ್ನ ಕೈಯಾಗ ಕೊಟ್ಟಿದ್ದಿ.